ಕಾಟ್ಸ್‌ವೋಲ್ಡ್ಸ್‌ನ ಬಿಳಿ ಕುದುರೆ

ಮೇ ತಿಂಗಳ ಒಂದು ಗುರುವಾರ ಸಂಜೆ ಮಗಳು ಅನನ್ಯ ನಮ್ಮಿಬ್ಬರನ್ನು ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಬಿಟ್ಟಳು. ನ್ಯೂಜೆರ್ಸಿಯ ನಮ್ಮ ಊರು ಪಾರ್ಸಿಪನಿಯಿಂದ ಅರ್ಧ ಗಂಟೆಯ ದಾರಿ, ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ ಹಿಡಿಯಿತು. ಸಾಮಾನು ಇಳಿಸುವಾಗ "ಟೇಕ್ ಲಾಟ್ಸ್ ಆಫ್ ಪಿಕ್ಚರ್ಸ್, ಡ್ಯಾಡ್" ಎಂದು ಬಾಯಿತಪ್ಪಿ ಅಂದು ತುಟಿ ಕಚ್ಚಿಕೊಂಡಳು. ಮುರಳಿ ನಕ್ಕರು. "ಅಮ್ಮ ತೆಗೀತಾಳೆ ಬಿಡು ಪುಟ್ಟಿ" ಎಂದರು. ನಾನು ಸೂಟ್‌ಕೇಸಿನ ಚಕ್ರ ನೋಡುವ ನೆಪದಲ್ಲಿ ಬಗ್ಗಿದೆ.

ಮುರಳಿ ನನ್ನ ಗಂಡ. ಆರು ವರ್ಷದಿಂದ ಅವರ ನೋಟ ಅಂಚಿನಿಂದ ಒಳಕ್ಕೆ ಕಪ್ಪಾಗುತ್ತ ಬರುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ, ಆ ಕೊಳವೆಯೂ ವರ್ಷ ವರ್ಷ ಸಣ್ಣದಾಗುತ್ತದೆ ಎಂದು ಡಾಕ್ಟರು ವಿವರಿಸಿದ್ದರು. ಮದ್ದಿಲ್ಲ. ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಎಂಬ ಗುಡ್ಡಸೀಮೆಯ ಏರಿಳಿತದ ಹಳ್ಳಿದಾರಿಗಳಲ್ಲಿ ಸೈಕಲ್ ತುಳಿಯಬೇಕೆಂಬುದು ಅವರಿಗೆ ಮದುವೆಗೂ ಮುಂಚಿನ ಹುಚ್ಚು. ಒಂದು ನೀಲಿ ಫೈಲಿನ ತುಂಬ ಆ ದಾರಿಗಳ ನಕ್ಷೆ ಕೂಡಿಟ್ಟಿದ್ದರು. ಯಾವ ತಿರುವಿನಲ್ಲಿ ಚರ್ಚು, ಎಲ್ಲಿ ಚಹಾ ಸಿಗುತ್ತದೆ ಎಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಬೇರೆ.

ಮತ್ತೆ ಯಾಕೆ ಇಷ್ಟು ವರ್ಷ ಹೋಗಲಿಲ್ಲ ಎಂದರೆ, ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಂದೇ ಉತ್ತರವಿತ್ತು: ಗ್ರೀನ್ ಕಾರ್ಡ್ ಬರಲಿ. ಸೋಫಾ ಬದಲಾಯಿಸೋಣವೇ, ಕಾರ್ಡ್ ಬರಲಿ. ಸ್ವಂತ ಮನೆ, ಕಾರ್ಡ್ ಬರಲಿ. ದೇಶದಿಂದ ಹೊರಗೆ ಹೋದರೆ ವೀಸಾಕ್ಕೆ ಮತ್ತೆ ಸ್ಟ್ಯಾಂಪಿಂಗ್ ಆಗಬೇಕು, ಎಲ್ಲಾದರೂ ಸಿಕ್ಕಿಕೊಂಡರೆ ಕೆಲಸ ಹೋದೀತು ಎಂಬ ಭಯ. ಕಣ್ಣಿನ ವಿಷಯ ಗೊತ್ತಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕೆಲಸ ಬಿಟ್ಟರೆ ಕಾರ್ಡಿಗೆ ಕಾಯುವವರ ಸಾಲಿನಿಂದ ಬಿದ್ದುಹೋಗುತ್ತೇವೆಂದು ಮುರಳಿ ದೊಡ್ಡ ಅಕ್ಷರದ ಪರದೆಗೆ ಮೂಗು ತಾಗಿಸಿಕೊಂಡು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದರು. ಅಮೆರಿಕಕ್ಕೆ ಬಂದ ಹತ್ತೊಂಬತ್ತನೆಯ ವರ್ಷ, ಈ ಫೆಬ್ರುವರಿಯಲ್ಲಿ, ಕಾರ್ಡ್ ಅಂಚೆಯಲ್ಲಿ ಬಂತು. ನಾನು ಲಕೋಟೆ ಒಡೆದು ಅವರ ಕೈಗೇ ಕೊಟ್ಟೆ. "ಓದ್ರೀ, ಹೆಸ್ರು ಸರಿಯಾಗಿದ್ಯಾ ನೋಡಿ" ಎಂದೆ. ಅವರು ಕಣ್ಣಿಗೆ ಹತ್ತಿರ ಹಿಡಿದು ತಮ್ಮ ಪೂರ್ತಿ ಹೆಸರನ್ನು ಗಟ್ಟಿಯಾಗಿ ಓದಿದರು. "ಸರಿಯಾಗಿದೆ ವಸು" ಎಂದರು. ಮಾರ್ಚಿನಲ್ಲಿ ಕೆಲಸ ಬಿಟ್ಟರು. ನೀಲಿ ಫೈಲು ಹೊರಗೆ ಬಂತು.

ಅವರೊಬ್ಬರೇ ಸೈಕಲ್ ತುಳಿಯುವುದು ಆಗದ ಮಾತು. ಹಾಗಾಗಿ ಎರಡು ಸೀಟಿನ ಟ್ಯಾಂಡಮ್ ಸೈಕಲ್. ಮುಂದೆ ನಾನು, ಹಿಂದೆ ಅವರು. ಹಿಂದಿನವರಿಗೆ ಬ್ರೇಕೂ ಇಲ್ಲ, ತಿರುಗುವ ಹ್ಯಾಂಡಲ್ಲೂ ಇಲ್ಲ. ಗುಂಡಿ, ತಿರುವು, ಗೇರು, ಎಲ್ಲವನ್ನೂ ಮುಂದಿನವರು ಕೂಗಿ ಹೇಳಬೇಕು. ಭಾನುವಾರ ಖಾಲಿ ಬಿದ್ದಿರುವ ಪಾರ್ಸಿಪನಿಯ ಆಫೀಸು ಕಟ್ಟಡಗಳ ಪಾರ್ಕಿಂಗ್ ಲಾಟುಗಳಲ್ಲಿ ಆರು ವಾರ ಅಭ್ಯಾಸ ಮಾಡಿದೆವು. ಮೊದಲ ದಿನವೇ ಇಬ್ಬರೂ ದಬಕ್ಕನೆ ಬಿದ್ದು, ಯಾರ ತಪ್ಪು ಎಂದು ಅಲ್ಲೇ ಜಗಳವಾಡಿದೆವು. ನನ್ನ ಬಾಯಿ ಜೋರು, ಗೆದ್ದೆ.

ಶುಕ್ರವಾರ ಬೆಳಿಗ್ಗೆ ಲಂಡನ್ ತಲುಪಿ, ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಮೋರ್ಟನ್-ಇನ್-ಮಾರ್ಷ್ ಎಂಬ ಊರಿಗೆ ರೈಲು ಹಿಡಿದೆವು. ಒಂದೂವರೆ ಗಂಟೆ; ಇಬ್ಬರಿಗೂ ಸೇರಿ ಎಂಬತ್ತು ಪೌಂಡಿನ ಮೇಲಾಯಿತು. ಅನ್ಯಾಯದ ರೇಟು ಎಂದು ನಾನು ಗೊಣಗುತ್ತಲೇ ಇದ್ದೆ. ಮುರಳಿ ಕಿಟಕಿಗೆ ಹಣೆ ಆನಿಸಿ ದಾರಿಯುದ್ದಕ್ಕೂ ಹೊರಗೆ ಮುಖಮಾಡಿ ಕೂತಿದ್ದರು.

ಮರುದಿನ ಬೆಳಿಗ್ಗೆ ಸೈಕಲ್ ಬಾಡಿಗೆಗೆ ಕೊಡುವ ಮುದುಕರು ನಮ್ಮ ಸೀಟು ಸರಿಮಾಡಿ, ಹಿಂದೆ ಕೂರುವವರಿಗೆ ಒಂದೇ ಕೆಲಸ, ಮುಂದಿನವರನ್ನು ನಂಬುವುದು ಎಂದರು. ಊರಿನಾಚೆಯ ಮೊದಲ ವೃತ್ತದಲ್ಲೇ ಆ ನಂಬಿಕೆಗೆ ಕುತ್ತು ಬಂತು. ನಾನು ಸೈಕಲ್ ಕಲಿತದ್ದು ಮೈಸೂರಿನಲ್ಲಿ, ರಸ್ತೆಯ ಎಡಕ್ಕೆ. ಆದರೆ ಹತ್ತೊಂಬತ್ತು ವರ್ಷ ನ್ಯೂಜೆರ್ಸಿಯಲ್ಲಿ ಬಲಕ್ಕೆ ಓಡಿಸಿದ ಮೈ ತಾನಾಗಿ ಬಲಕ್ಕೆ ನುಗ್ಗಿತು. ಎದುರಿನ ಲಾರಿ ಹಾರ್ನ್ ಹೊಡೆದು ನಿಂತಿತು. ಹಿಂದಿನಿಂದ ಮುರಳಿ ಮೆಲ್ಲಗೆ "ಎಡಕ್ಕೆ ವಸು. ಮೈಸೂರು ಅಂದ್ಕೊ" ಎಂದರು. ಆಮೇಲೆ ನಾನು "ತಿರುವು" ಎಂದಾಗಲೆಲ್ಲ ಹಿಂದಿನಿಂದ "ಮೈಸೂರು" ಎಂಬ ಉತ್ತರ ಬರುತ್ತಿತ್ತು.

ಅಂದು ಹನ್ನೆರಡು ಮೈಲಿ ತುಳಿದೆವು. ಸ್ಟೋ ಎಂಬ ಗುಡ್ಡದ ಮೇಲಿನ ಊರಿಗೆ ಏರಿ, ಅಲ್ಲಿಂದ ಬೋರ್ಟನ್‌ಗೆ ಇಳಿದೆವು. ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ: ಗಾರೆಯಿಲ್ಲದೆ ಪೇರಿಸಿದ ಕಲ್ಲಿನ ಗೋಡೆ, ಬೆಲ್ಲದ ಬಣ್ಣದ ಮನೆಗಳು, ಸಾಸಿವೆ ಹೊಲದಂಥ ಹಳದಿ ಇಳಿಜಾರು, ತಾಯಿಯ ಹಿಂದೆ ಓಡುವ ಕುರಿಮರಿಗಳು. "ಕಾಣ್ತು, ಕಾಣ್ತು" ಎನ್ನುತ್ತಿದ್ದರು ಮುರಳಿ. ಏದುಸಿರಿನಲ್ಲೂ ನನಗೆ ಖುಷಿ. ತಡವಾಗಿಯಾದರೂ ಬಂದೆವಲ್ಲ ಎನಿಸಿತು.

ಭಾನುವಾರ ಮಳೆ ನಿಂತಿತು. ಬೋರ್ಟನ್‌ನಲ್ಲಿ ನಾವು ಉಳಿದುಕೊಂಡಿದ್ದ ಮನೆಯ ಒಡತಿ ಟೋಸ್ಟು, ಅಣಬೆ, ಬೀನ್ಸ್ ಕೊಟ್ಟರು. ನಾವು ಚಟ್ನಿಪುಡಿ ಉದುರಿಸಿಕೊಂಡು ತಿಂದೆವು. ಅಲ್ಲಿಂದ ಬರ್ಫರ್ಡ್ ಎಂಬ ಊರಿಗೆ ಹತ್ತು ಮೈಲಿ. ಗ್ರೇಟ್ ರಿಸಿಂಗ್ಟನ್ ಎಂಬ ಹಳ್ಳಿಯ ಏರಿನಲ್ಲಿ ತೊಡೆ ಕಡಿಯುತ್ತಿತ್ತು, ಕಣ್ಣಿಗೆ ಬೆವರು ಇಳಿಯುತ್ತಿತ್ತು. ಸ್ವಲ್ಪ ಮೇಲೆ, ರಸ್ತೆಬದಿಯ ಬೇಲಿಯ ಸಂದಿಯಲ್ಲಿ ಏನೋ ಬೆಳ್ಳಗೆ ಹೊಳೆಯಿತು.

"ಬಲಗಡೆ ನೋಡ್ರೀ, ಬಿಳಿ ಕುದುರೆ" ಎಂದೆ.

"ನೋಡ್ದೆ ಕಣೇ. ಎಷ್ಟು ಠೀವಿಯಿಂದ ನಿಂತಿದೆ. ಬಾಲ ಬೀಸ್ತಿದೆ ನೋಡು."

ಇನ್ನೂ ನೂರು ಗಜ ಏರಿದ ಮೇಲೆ ಗೇಟು ಸಿಕ್ಕಿತು. ಉಸಿರು ಬಿಡಲು ನಿಂತೆವು. ಗೇಟಿನಾಚೆ ಇದ್ದದ್ದು ಕುದುರೆಯಲ್ಲ. ಕುರಿಗಳಿಗೆ ನೀರು ಕುಡಿಯಲು ಯಾರೋ ತಂದಿಟ್ಟಿದ್ದ ಹಳೆಯ ಬಿಳಿ ಬಾತ್‌ಟಬ್. ಕೊಳವೆಯಿಂದ ಅದಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಸುತ್ತಮುತ್ತ ಎಲ್ಲೂ ಕುದುರೆಯಿರಲಿಲ್ಲ.

ನಾನು ಹ್ಯಾಂಡಲ್ ಹಿಡಿದುಕೊಂಡೇ ಹಿಂದಕ್ಕೆ ತಿರುಗಿ ಅವರ ಮುಖ ನೋಡಿದೆ. ಅವರು ನಗುತ್ತಾ ನನ್ನ ಹೆಗಲಿನಾಚೆಗೆ ಎಲ್ಲಿಗೋ ಮುಖಮಾಡಿದ್ದರು. ಬೆಳಿಗ್ಗೆ ಚಹಾದ ಕಪ್ಪನ್ನು ಬೆರಳಿನಲ್ಲಿ ತಡವಿ ಹುಡುಕಿದ್ದು ಆಗ ನೆನಪಾಯಿತು. ಮೆನು ಕೊಟ್ಟಾಗ "ನೀನೇ ಹೇಳು" ಎಂದು ನನ್ನತ್ತ ಸರಿಸಿದ್ದು ನೆನಪಾಯಿತು. ಎರಡು ದಿನ ನಾನು ಕೂಗಿ ಹೇಳಿದ ಹಳದಿ ಹೊಲ, ಕುರಿಮರಿ, ಯಾವುದೂ ಅವರಿಗೆ ಕಂಡಿರಲಿಲ್ಲ. ಸುಳ್ಳು ಹೇಳಿದರೆಂದು ಸಿಟ್ಟು ಬಂತು, ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದೆಂದು ಮಾತ್ರ ತಿಳಿಯಲಿಲ್ಲ.

"ಇನ್ನೂ ಇದ್ಯಾ ಕುದುರೆ?" ಎಂದು ಕೇಳಿದರು.

"ಇದೆ" ಎಂದೆ. "ಹುಲ್ಲು ಮೇಯ್ತಿದೆ."

ಅವರು ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಿದ್ದು, "ಹೊರಡೋಣ" ಎಂದರು. ಬರ್ಫರ್ಡ್‌ವರೆಗೂ ನಾನು ಅಳುತ್ತಲೇ ತುಳಿದೆ. ಮುಂದಿನ ಸೀಟಿನಲ್ಲಿ ಕೂತವರಿಗೆ ಅದೊಂದು ಅನುಕೂಲ. ಬಾಯಿ ಮಾತ್ರ ನಿಲ್ಲಿಸಲಿಲ್ಲ. ಇದ್ದದ್ದನ್ನೂ ಹೇಳಿದೆ, ಇಲ್ಲದ್ದನ್ನೂ ಹೇಳಿದೆ. ಅವರ ಫೈಲಿನಲ್ಲಿದ್ದ ಕಲ್ಲಿನ ಸೇತುವೆ ದಾರಿಯಲ್ಲಿ ಸಿಗಲೇ ಇಲ್ಲ. ಆದರೂ ದಾಟಿದೆವು ಎಂದೆ. "ಕಾಣ್ತು" ಎಂದರು.

ಸೋಮವಾರ ಕಿಂಗಮ್ ಎಂಬ ಹಳ್ಳಿಯ ಮೂಲಕ ಹದಿನೈದು ಮೈಲಿ ಹಿಂದಕ್ಕೆ ತುಳಿದು, ಮೋರ್ಟನ್‌ನಲ್ಲಿ ಸೈಕಲ್ ಒಪ್ಪಿಸಿದೆವು. ಸ್ಟೇಷನ್ನಿಗೆ ಹೊರಟಾಗ ಮುರಳಿ ನಿಂತು, "ಒಂದ್ಸಲ ಗುಡ್ಡ ನೋಡ್ಕೊಂಡ್ಬಿಡ್ತೀನಿ" ಎಂದು ತಿರುಗಿದರು. ಅವರು ತಿರುಗಿದ ಕಡೆ ಕಾರುಗಳು ಸಾಲಾಗಿ ನಿಂತಿದ್ದವು. ನಾನು ತೋಳು ಹಿಡಿದು ಸರಿಯಾದ ಕಡೆಗೆ ತಿರುಗಿಸಬೇಕೆಂದುಕೊಂಡೆ, ಆಗಲಿಲ್ಲ. ಅವರ ಪಕ್ಕದಲ್ಲಿ ನಿಂತು ನಾನೂ ಕಾರುಗಳನ್ನೇ ನೋಡಿದೆ.

ಬುಧವಾರದ ಹೊತ್ತಿಗೆ ಪಾರ್ಸಿಪನಿಯಲ್ಲಿದ್ದೆವು. ಆ ಭಾನುವಾರ ಮಧ್ಯಾಹ್ನ ಹತ್ತಿರದ ಬಾಸ್ಕಿಂಗ್ ರಿಡ್ಜಿನಿಂದ ಗೆಳೆಯರಿಬ್ಬರು ಊಟಕ್ಕೆ ಬಂದರು. ಬಿಸಿಬೇಳೆಬಾತ್ ಬಡಿಸುವಾಗ ಮುರಳಿ ಅವರಿಗೆ ಪ್ರವಾಸದ ಕಥೆ ಹೇಳುತ್ತಿದ್ದರು: ಲಾರಿ, ಮೈಸೂರು, ಹಳದಿ ಹೊಲ, ಕೊನೆಗೆ ಬಿಳಿ ಕುದುರೆ. ಅನನ್ಯ ನನ್ನ ಫೋನಿನಲ್ಲಿ ಫೋಟೋ ತಿರುವುತ್ತಾ, "ಮಾಮ್, ವೇರ್ ಈಸ್ ದ ಹಾರ್ಸ್?" ಎಂದಳು.

"ಏರು ಕಣೇ, ಎರಡೂ ಕೈ ಹ್ಯಾಂಡಲ್ ಮೇಲಿತ್ತು" ಎಂದೆ. "ಚೆನ್ನಾಗಿತ್ತು. ಉದ್ದ ಬಾಲ."

ಬಂದವರು ಹೋದರು, ಅನನ್ಯ ಓದಲು ಮಹಡಿಗೆ ಹೋದಳು. ನಾನು ತಟ್ಟೆ ತೊಳೆದುಕೊಡುತ್ತಿದ್ದೆ, ಮುರಳಿ ಒರೆಸುತ್ತಿದ್ದರು.

"ವಸು, ಆ ಗೇಟಿನ ಹತ್ರ ನೀರು ತೊಟ್ಟಿಕ್ತಿತ್ತಲ್ಲ. ಏನದು?"

ನಲ್ಲಿ ನಿಲ್ಲಿಸಿದೆ. "ಬಾತ್‌ಟಬ್" ಎಂದೆ.

"ಬಿಳೀದಾ?"

"ಬಿಳೀದು."

ಅವರು ತಲೆಯಾಡಿಸಿ, ಒರೆಸಿದ ತಟ್ಟೆಯನ್ನು ಉಳಿದವುಗಳ ಮೇಲೆ ಸದ್ದಾಗದಂತೆ ಇಟ್ಟರು.

"ಯಾವಾಗಿಂದ ರೀ?" ಎಂದು ಕೇಳಿದೆ.

"ಕಾರ್ಡ್ ಬಂದ ದಿನ ಹೆಸ್ರು ಓದಿ ಹೇಳಿದ್ನಲ್ಲ, ಅದು ಓದಿದ್ದಲ್ಲ ಕಣೇ" ಎಂದರು. "ನನ್ ಹೆಸ್ರು ನಂಗೆ ಗೊತ್ತಿತ್ತಲ್ಲ."