ಅಕ್ಕಿಯ ಮೇಲೆ ಬರೆದ ಹೆಸರು

ಹಿತ್ತಾಳೆ ತಾಟಿನ ಮೇಲೆ ಅಕ್ಕಿ ಹರವುವಾಗ ಸರ್ರಂತ ಒಂದು ಸಪ್ಪಳ ಬರ್ತದಲ್ಲ, ಅದನ್ನು ಕೇಳಿದರೆ ನಾನು ಈಗಲೂ ಅಲ್ಲಿ ಕೂತಿರಲಾರೆ. ಹೋದ ತಿಂಗಳು ತಮ್ಮನ ಮೊಮ್ಮಗನ ಮದುವೆಯಲ್ಲಿ ಹುಡುಗ ಉಂಗುರದ ಅಂಚಿನಿಂದ ಅಕ್ಕಿಯೊಳಗೆ ಹೆಂಡತಿಯ ಹೊಸ ಹೆಸರು ಬರೆಯುತ್ತಿದ್ದ. ಈಗ ಅದೆಲ್ಲ ಬರೀ ಫೋಟೋಕ್ಕೆ. ನಾಲ್ಕು ದಿನ ಬಿಟ್ಟು ಆ ಹುಡುಗಿ ತನ್ನ ಹಳೇ ಹೆಸರಿನಲ್ಲೇ ಕೆಲಸಕ್ಕೆ ಹೋದಳು. ಅವತ್ತು ಮಾತ್ರ ಅವನು ಬರೆದು ಮುಗಿಸಿದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದರು. ನಾನು ನೀರು ಕುಡಿಯುವ ನೆಪ ಮಾಡಿ ಹೊರಗೆ ಎದ್ದು ಬಂದೆ. ನಗಬ್ಯಾಡ್ರಿ, ಕಾರಣ ಐತಿ.

ನಮ್ಮ ಮನೆ ಮೂಡಲಗಿಯ ಪೇಟೆ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ಪಡಸಾಲೆಯ ತುಂಬ ಶೇಂಗಾದ ಚೀಲ, ಮೂಲೆಯಲ್ಲಿ ಬೆಲ್ಲದ ಪೆಂಟಿ, ಅದಕ್ಕೆ ಮುತ್ತುವ ಇರುವೆ. ಈಗ ಅಲ್ಲಿ ಮೊಬೈಲ್ ಅಂಗಡಿ ನಿಂತಿದೆ, ಹಾಳಾಗಿ ಹೋಗಲಿ. ಅಪ್ಪ ವ್ಯಾಪಾರಸ್ಥ, ಮನೆಯಲ್ಲಿ ಅಪ್ಪನ ತಾಯಿ ಹೇಳಿದ್ದೇ ಮಾತು. ಅವ್ವ ಹುಕ್ಕೇರಿಯವಳು. ಎರಡೂ ಜೈನರ ಮನೆಗಳೇ, ಆದರೆ ಹುಕ್ಕೇರಿಯವರು ಮನೆಯೊಳಗೆ ಮರಾಠಿ ಆಡುವವರು, ನಾವು ಕನ್ನಡದವರು. ಮದುವೆಯ ದಿನ ಅಪ್ಪ ಅಕ್ಕಿಯಲ್ಲಿ 'ಪದ್ಮಾವತಿ' ಅಂತ ಬರೆದನಂತೆ. ಅಲ್ಲಿಗೆ ಅವ್ವನ ತವರಿನ ಹೆಸರು ಮುಗಿಯಿತು. "ಹೊಸ್ತಿಲಾ ದಾಟಿ ಬಂದ ಮ್ಯಾಲೆ ಹಿಂದಿನ ಹೆಸರ ತಗೊಂಡ ಏನ ಮಾಡೂದೈತಿ?" ಅನ್ನುತ್ತಿದ್ದಳು ಅಜ್ಜಿ. ನಮ್ಮ ಮನೆಯಲ್ಲಿ ಯಾರೂ ಅದನ್ನು ಎತ್ತುತ್ತಿರಲಿಲ್ಲ.

ನನಗಾದರೋ ತಲೆ ಕೆಟ್ಟು ಹೋಗುತ್ತಿತ್ತು. ಮೂಡಲಗಿಯಲ್ಲಿ ಅವ್ವ ಪದ್ಮವ್ವ. ಹುಕ್ಕೇರಿಗೆ ಹೋದರೆ ಅವಳ ತಾಯಿ, ನಮ್ಮ ಆಯಿ, "ಚಾಂದಣಿ" ಅಂತ ಮರಾಠಿಯಲ್ಲಿ ಕೂಗುವಳು. ಕಾಲೇಜಿನಲ್ಲಿ ಕನ್ನಡ ಓದಿದ್ದ ಮಾವ "ಚುಕ್ಕಿ" ಅನ್ನುವನು. ಗೋಕಾಕದಿಂದ ಬಳೆ ಗಂಟು ಹೊತ್ತು ಊರೂರು ತಿರುಗುವ ಬೀಬಿಜಾನ್ ಅವ್ವನನ್ನು ಹುಕ್ಕೇರಿಯಲ್ಲಿ ಚಿಕ್ಕಂದಿನಿಂದ ಬಲ್ಲವಳು. ಅವಳ ಬಾಯಲ್ಲಿ "ಸಿತಾರಾ". ಅವಳು ಕಣ್ಣಿಂದ ನೋಡದೆ ಅವ್ವನ ಗೆಣ್ಣು ಹಿಚುಕಿಯೇ ಬಳೆಯ ಅಳತೆ ತೆಗೆಯುತ್ತಿದ್ದಳು. "ನಿನಗ ಎಷ್ಟ ಹೆಸರ ಅದಾವ ಅವ್ವಾ?" ಅಂದರೆ ಅವ್ವ, "ಕರದವ್ರಿಗೆಲ್ಲಾ ಓ ಅಂದ್ರಾತು ಬಿಡು" ಅಂತ ನಗುವಳು. ನನಗೆ ಮಾತ್ರ ಹುಕ್ಕೇರಿಯಲ್ಲಿ ಜೋಕಾಲಿ ಆಡಿ ಗಟ್ಟಿಯಾಗಿ ನಗುವ ಅವ್ವ ಬೇರೆ, ಮೂಡಲಗಿಯ ಅವ್ವ ಬೇರೆ ಅನ್ನಿಸುತ್ತಿತ್ತು. ಹುಕ್ಕೇರಿಯಿಂದ ತಿರುಗಿ ಬರುವಾಗ ಘಟಪ್ರಭಾದಲ್ಲಿ ಬಸ್ಸು ಬದಲಿಸುವಲ್ಲಿ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಅಲ್ಲಿಯೇ ಪದ್ಮವ್ವ ಆಗ್ತಾಳೆ ಅಂತ ನಾನು ಗುರುತು ಇಟ್ಟುಕೊಂಡಿದ್ದೆ.

ನನಗೆ ಏಳು ವರ್ಷ ಆಗಿದ್ದಾಗಿನ ಮಾತು. ಮಧ್ಯಾಹ್ನ ಹೊಸ್ತಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದೆ. ಊರಿಗೆ ಹೊಸದಾಗಿ ಬಂದಿದ್ದ ಟಪಾಲಿನವನು ಒಂದು ಪಾಕೀಟು ಹಿಡಿದು ಓಣಿಯ ಮನೆಗಳನ್ನೆಲ್ಲ ಕೇಳುತ್ತಾ ಬಂದ. "ತಾರಾಬಾಯಿ ಅನ್ನವ್ರು ಇದ ಮನ್ಯಾಗ ಅದಾರೇನ ತಂಗಿ?" ಅಂದ. ನಾನು ದೊಡ್ಡವಳ ಹಾಗೆ ಸೆಟೆದು ಕೂತು, "ನಮ್ಮ ಮನ್ಯಾಗ ತಾರಾ ಅನ್ನವ್ರು ಯಾರೂ ಇಲ್ರಿ" ಅಂದೆ. ಒಳಗೆ ಬೀಸುಕಲ್ಲಿನ ಸಪ್ಪಳ ಬರುತ್ತಿತ್ತು. ಅವ್ವ ಜೋಳ ಬೀಸುತ್ತಿದ್ದಳು. ಅವನು ಸೈಕಲ್ ಹತ್ತಿ ಹೋದ, ನಾನು ಶೇಂಗಾ ಸುಲಿಯುತ್ತ ಕೂತೆ.

ಎಂಟು ದಿನಕ್ಕೆ ಮಾವ ಬಂದ. ಸಾವಾದ ಮನೆಯವರ ಹಾಗೆ ತಲೆಯ ಮೇಲೆ ಟೊಪ್ಪಿಗೆ ಇರಲಿಲ್ಲ. ಅಷ್ಟರ ಮೇಲೇ ಅವ್ವನಿಗೆ ತಿಳಿಯಿತು. ಆಯಿ ಹೋಗಿಬಿಟ್ಟಿದ್ದಳು. ಮಾವ ವ್ಯಾಪಾರಕ್ಕೆಂದು ಕೊಲ್ಹಾಪುರಕ್ಕೆ ಹೋದಾಗ ಆಯಿಗೆ ಜ್ವರ ಏರಿ, ಬಾಜೂ ಮನೆಗೆ ಹೊಸದಾಗಿ ಬಂದಿದ್ದ ಮಾಸ್ತರರ ಕೈಯಲ್ಲಿ ಮಗಳಿಗೆ ಪತ್ರ ಬರೆಸಿದ್ದಳಂತೆ. ಪಾಕೀಟಿನ ಮೇಲೆ ಬರೆಯಲು ಅಳಿಯನ ಹೆಸರು ಹೇಳ್ರಿ ಅಂದರೆ ಬಾಯಿ ಬಿಡಲೊಲ್ಲಳು. ಹೇಗೆ ಹೇಳ್ಯಾಳು? ನಮ್ಮಪ್ಪನ ಹೆಸರು ನೇಮಣ್ಣ, ತೀರಿಹೋದ ಅವಳ ಗಂಡನ ಹೆಸರೂ ನೇಮಣ್ಣ. ಗಂಡನ ಹೆಸರು ಜನ್ಮದಲ್ಲಿ ಒಮ್ಮೆಯೂ ಬಾಯಿಂದ ಆಡಿದವಳಲ್ಲ, ಸಾಯುವಾಗ ಆಡ್ಯಾಳೇ? ಮಗಳ ಹೆಸರನ್ನಾದರೂ ಹೇಳ್ರಿ ಅಂದಾಗ, ತೊಟ್ಟಿಲಲ್ಲಿ ತಾನೇ ಇಟ್ಟ ಹೆಸರನ್ನು ಹೇಳಿದಳು. ಅದನ್ನೇ ಮಾಸ್ತರರು ಬರೆದರು.

ಹುಕ್ಕೇರಿಯಿಂದ ತಿರುಗಿ ಬಂದಾಗ ಅವ್ವನ ಕೈಯಲ್ಲಿ ಆ ಪಾಕೀಟು ಇತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ 'ಇಂಥವರು ಇಲ್ಲ' ಅಂತ ಬರೆದಿತ್ತು.

"ಟಪಾಲಿನಾಂವ ನಿನ್ನ ಕೇಳಿದ್ನೇನ?" ಅಂದಳು.

ಹೂಂ ಅಂದೆ. ಹೊಡೆದಿದ್ದರೆ ಚೊಲೋ ಇತ್ತು. ಹೊಡೆಯಲಿಲ್ಲ. ಒಳಗೆ ಹೋಗಿ ಹಿತ್ತಾಳೆ ತಾಟು ತಂದು, ಹಬ್ಬಕ್ಕೆಂದು ಎತ್ತಿಟ್ಟ ಅಕ್ಕಿ ಸರ್ರಂತ ಸುರಿದು, ಅಂಗೈಯಿಂದ ಹರವಿ, ಬೆರಳಿನಿಂದ ಎರಡು ಅಕ್ಷರ ಬರೆದಳು. "ಓದು" ಅಂದಳು. ಅಳುತ್ತಾ ಓದಿದೆ. ತಾರಾ.

"ಇದು ನಿಮ್ಮವ್ವನ ಹೆಸರು. ಆಯಿ ಚಾಂದಣಿ ಅಂದ್ಲು, ಮಾವ ಚುಕ್ಕಿ ಅಂದ, ಬೀಬಿಜಾನ್ ಸಿತಾರಾ ಅಂದ್ಲು. ಎಲ್ಲಾ ಒಂದ, ತಾರಾ ಅಂದ್ರೂ ಆಕಾಶದಾಗಿನ ಚುಕ್ಕಿನ. ಇನ್ನ ಮ್ಯಾಲೆ ಯಾರರ ಕೇಳಿದ್ರ, ಅದಾಳ ಅನ್ನು."

ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ತಾಟಿನ ಕಡೆ ನೋಡಿ ಒಳಗೆ ತಿರುಗಿದಳು. ಅವ್ವ ಅಕ್ಕಿಯನ್ನು ಮತ್ತೆ ಡಬ್ಬಿಗೆ ತುಂಬಿ ಒಲೆ ಹಚ್ಚಲು ಹೋದಳು.

ಹನ್ನೊಂದು ವರ್ಷ ಕಳೆದ ಮೇಲೆ ಅವ್ವ ಘಟಪ್ರಭಾದ ದವಾಖಾನೆಯಲ್ಲಿ ಮಲಗಿದಳು. ಅಲ್ಲಿ ಎಸ್ತೇರ್ ಅಂತ ಒಬ್ಬ ನರ್ಸ್ ಇದ್ದಳು. ನಾನು ಅವ್ವನ ಹೆಸರಿನ ಕಥೆ ಹೇಳಿದಾಗ, "ನನ್ನ ಹೆಸರಿನ ಅರ್ಥಾನೂ ಚುಕ್ಕಿನ ಅಂತ, ನಮ್ಮ ಪಾದ್ರಿ ಹೇಳ್ತಾರ" ಅಂದಳು. ಅವ್ವನಿಗೆ ಎಲ್ಲಿಲ್ಲದ ಖುಷಿ. "ಯವ್ವಾ, ನನ್ನ ಹೆಸರ ನೀನೂ ಕಸಗೊಂಡಿ?" ಅಂತ ಅವಳ ಕೈ ಹಿಡಿದು ನಕ್ಕಳು. ಹುಕ್ಕೇರಿಯ ಆ ನಗುವನ್ನು ನಾನು ಕೇಳಿದ್ದು ಅದೇ ಕೊನೆ. ದವಾಖಾನೆಯ ಕಾಗದದಲ್ಲಿ ಮಾತ್ರ ಅಪ್ಪ ಪದ್ಮಾವತಿ ಅಂತಲೇ ಬರೆಸಿದ್ದ. ಸುಡುವಾಗಲೂ ಅದೇ ಹೆಸರು ಹೇಳಿದರು. ಯಾವುದು ಸರಿ ಅಂತ ನನಗೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ತಿಂಗಳು ಕಳೆದಿರಬೇಕು. ಅದೇ ಹೊಸ್ತಿಲಲ್ಲಿ ಕೂತಿದ್ದೆ. ಬೀಬಿಜಾನ್ ಗೋಡೆ ಹಿಡಿದುಕೊಂಡು ಬಂದಳು. ಕಣ್ಣಿನ ಪೊರೆ ಬೆಳೆದು ಎರಡು ವರ್ಷದಿಂದ ಊರು ತಿರುಗುವುದು ನಿಂತಿತ್ತು. ಅವ್ವ ಹೋದ ಸುದ್ದಿ ಅವಳಿಗೆ ಯಾರೂ ಮುಟ್ಟಿಸಿರಲಿಲ್ಲ.

"ಸಿತಾರಾ ಅದಾಳೇನ ಬೇಟಿ?"

ನನ್ನ ಬಾಯಿಗೆ ಬಂದದ್ದು ಒಂದೇ. "ಅದಾಳ, ಬರ್ರಿ" ಅಂದೆ.

ಪಡಸಾಲೆಯಲ್ಲಿ ಕೂತು ಗಂಟು ಬಿಚ್ಚಿ, ಹಸಿರು ಬಳೆ ಒಂದು ಡಜನ್ ಬೆರಳಿನಲ್ಲೇ ಎಣಿಸಿ ತೆಗೆದಿಟ್ಟಳು. "ಕರಿ ಆಕಿನ್ನ" ಅಂದಳು. ಒಳಗೆ ಹೋದೆ. ಅಡಿಗೆ ಮನೆಯಲ್ಲಿ ನಿಂತು, ಯಾವ ಹೆಸರು ಹಿಡಿದು ಕರೀಬೇಕು ಅಂತ ಹುಚ್ಚಿಯ ಹಾಗೆ ಯೋಚನೆ ಮಾಡಿದೆ. ಆಮೇಲೆ ಹೊರಗೆ ಬಂದು, ಮಾತಾಡದೆ, ಅವಳೆದುರು ಕೂತು ನನ್ನ ಕೈ ಚಾಚಿದೆ.

ಬೀಬಿಜಾನ್ ಗೆಣ್ಣು ಹಿಚುಕಿದಳು. ಇನ್ನೊಮ್ಮೆ ಹಿಚುಕಿದಳು. ಬಳೆ ಏರಿಸಲಿಲ್ಲ. ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಇಟ್ಟುಕೊಂಡಳು.

"ಯಾವಾಗ ಹೋದ್ಲು ಬೇಟಿ?" ಅಂತ ಕೇಳಿದಳು.