ದಾರಿಯ ಮೇಲಿನ ಮಾಂಜಾ

ಅಹಮದಾಬಾದಿನಲ್ಲಿದ್ದ ಆ ವರ್ಷಗಳಲ್ಲಿ ಎಲ್ಲರೂ ಸಂಕ್ರಾಂತಿಯ ಉತ್ತರಾಯಣ ಹಬ್ಬ ಬರಲಿ ಎಂದು ಕಾಯುತ್ತಿದ್ದರೆ, ನಾನು ಅದೊಂದು ಮುಗಿದರೆ ಸಾಕಪ್ಪಾ ಎಂದು ಕಾಯುತ್ತಿದ್ದೆ. ಎರಡು ದಿನ ಊರಿಗೆ ಊರೇ ಮಹಡಿ ಹತ್ತಿ ಗಾಳಿಪಟ ಹಾರಿಸುತ್ತಿತ್ತು. ಹೆದರಿಕೆ ಆಮೇಲಿನದು. ಕಡಿದುಬಿದ್ದ ಮಾಂಜಾ, ಅಂದರೆ ಗಾಜಿನ ಪುಡಿ ಮೆತ್ತಿದ ದಾರ, ಮರಗಳಿಂದ, ಕಂಬಗಳಿಂದ ಕಣ್ಣಿಗೆ ಕಾಣದ ಹಾಗೆ ಜೋತಾಡುತ್ತಿತ್ತು. ಒಂದು ವರ್ಷ ಪಕ್ಕದ ಬೀದಿಯಲ್ಲಿ ಸ್ಕೂಟರಿನವರೊಬ್ಬರ ಕತ್ತು ಕುಯ್ದಿತ್ತು. ಆ ರಕ್ತವನ್ನು ನಾನು ನೋಡಿದ್ದೆ. ಅಂದಿನಿಂದ ಮಗಳು ಸೈಕಲ್ ಹತ್ತಿದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

ನಮ್ಮ ಬ್ಯಾಂಕ್ ಕ್ವಾರ್ಟರ್ಸಿನ ಹಿಂದೆ, ಕಾಲುವೆಯ ಪಕ್ಕ ಒಂದು ಕಿರುದಾರಿ ಇತ್ತು. ದೊಡ್ಡವರ ವಾಕಿಂಗು, ಮಕ್ಕಳ ಸೈಕಲ್ಲು ಎಲ್ಲ ಅಲ್ಲೇ. ಜಾಲಿ ಕಡಿದು, ಗುಂಡಿ ಮುಚ್ಚಿ ಅದನ್ನು ನೋಡಿಕೊಳ್ಳುತ್ತಿದ್ದವರು ನಾವೇ ಏಳೆಂಟು ಜನ. ಅದರ ಮುಂದಿನ ವರ್ಷ, ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಕತ್ತರಿ, ಗೋಣಿಚೀಲ ಹಿಡಿದು ಮಾಂಜಾ ತೆಗೆಯಲು ಹೊರಟೆವು. ಎಲ್ಲರ ಪ್ರಾಣ ತಿಂದು ಹೊರಡಿಸಿದವಳು ನಾನೇ. ನಾನು ಬಂದು ಹೇಳುವವರೆಗೆ ಸೈಕಲ್ ಮುಟ್ಟಕೂಡದು ಎಂದು ಮಗಳಿಗೆ ತಾಕೀತು ಮಾಡಿದ್ದೆ.

"ಎಳೀಬೇಡಿ, ಮೊಳದುದ್ದ ಕತ್ತರಿಸಿ ಚೀಲಕ್ಕೆ ಹಾಕಿ" ಎಂದು ಪಕ್ಕದ ಮನೆಯ ಗುಜರಾತಿ ಮಾಸಿ ಹಿಂದಿಯಲ್ಲಿ ಹತ್ತು ಸಲ ಹೇಳಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿ? ಬೇಲಿಯಲ್ಲಿ ಒಂದು ಗುಲಾಬಿ ದಾರದ ತುದಿ ಸಿಕ್ಕಿತು. ಕೈಗೆ ಬಟ್ಟೆ ಸುತ್ತಿಕೊಂಡು ಎಳೆದೆ. ಸರಸರನೆ ಬಂತು. ಒಂದೇ ಏಟಿಗೆ ಎಷ್ಟು ಬಂತು ನೋಡಿ ಎಂದು ಬೀಗುತ್ತಾ ಇನ್ನೂ ಎಳೆದೆ. ಅದರ ಇನ್ನೊಂದು ತುದಿ ತಿರುವಿನಾಚೆ ಬೇವಿನ ಮರಕ್ಕೆ ಸಿಕ್ಕಿಕೊಂಡಿತ್ತು. ನಾನು ಎಳೆದಷ್ಟೂ ದಾರಿಗೆ ಅಡ್ಡವಾಗಿ ಬಿಗಿದುಕೊಂಡು ಮೇಲೇಳುತ್ತಿತ್ತು. ನಾನು ಅತ್ತ ನೋಡಲೇ ಇಲ್ಲ.

ಆಗ ದಾರ ನನ್ನ ಕೈಯನ್ನು ಎಳೆಯಿತು.

ಒಮ್ಮೆ ಜಗ್ಗಿ ಸಡಿಲವಾಯಿತು. ತಿರುವಿನಾಚೆ ಸೈಕಲ್ ಬಿದ್ದ ಸದ್ದು, ಚೀರಿದ ದನಿ. ದನಿ ನನ್ನ ಮಗಳದು. ಮಾಸಿಯೇ ಮೊದಲು ಓಡಿದರು. ಹೇಗೋ ಹೋಗಿ ನಿಂತವಳು, ಕತ್ತು ನೋಡುವ ಧೈರ್ಯವಿಲ್ಲದೆ ಮೊದಲು ಅವಳ ಚಪ್ಪಲಿ ನೋಡಿದೆ. ಆಮೇಲೆ ಫ್ರಾಕು. ಅದರ ಮೇಲೆ ರಕ್ತವಿತ್ತು. ದೇವರೇ, ದೇವರೇ ಎನ್ನುತ್ತಾ ಕಣ್ಣೆತ್ತಿದೆ. ಕತ್ತಿನ ಮೇಲೆ ಕೂದಲೆಳೆಯಷ್ಟು ಕೆಂಪು ಗೀರು. ಅಷ್ಟೇ. ರಕ್ತ ಅಂಗೈಯದು, ದಾರ ಕತ್ತಿಗೆ ಬಿಗಿಯುವ ಮೊದಲೇ ಕೈ ಅಡ್ಡ ಇಟ್ಟಿದ್ದಳು. ಟ್ಯೂಷನ್ನಿಗೆ ಹೊತ್ತಾಯಿತೆಂದು ಕ್ವಾರ್ಟರ್ಸಿನ ಇನ್ನೊಂದು ಗೇಟಿನಿಂದ ಬಂದಿದ್ದಳು.

"ಮಮ್ಮೀ, ದೋರಿ ನೀಚೇ ಇತ್ತು. ಅಚಾನಕ್ ಮೇಲೆ ಬಂತು. ಯಾರು ಎಳೆದಿದ್ದು?" ಎಂದು ತನ್ನ ಅರೆ ಹಿಂದಿಯ ಕನ್ನಡದಲ್ಲಿ ಬಿಕ್ಕಿದಳು.

"ಗಾಳಿ ಕಣೇ," ಎಂದೆ. "ಗಾಳಿಗೆ ಎದ್ದಿದ್ದು."

ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಏನಂತೆ ಎಂದು ಮಾಸಿ ಕೇಳಿದರು. ನಾನು ಬಟ್ಟೆ ಸುತ್ತಿದ ಕೈಯನ್ನು ಸೆರಗಿನೊಳಗೆ ಸೇರಿಸಿದೆ.

ಮಗಳು ನನ್ನ ಮುಖವನ್ನೇ ನೋಡಿದಳು. "ಸೈಕಲ್ ಮುಟ್ಟಬೇಡ ಅಂತ ನೀನು ಹೇಳಿದ್ದೆ," ಎಂದಳು. "ಸಾರಿ ಮಮ್ಮೀ. ನಂದೇ ತಪ್ಪು."