ಅಕ್ಕನ ಗೊಬ್ಬರಗುಂಡಿಗೆ ಹಾಕಿದ ಬೂಷ್ಟು

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಮಣಿಪಾಲದ ಸಣ್ಣ ಪ್ರಯೋಗಾಲಯವೊಂದರಲ್ಲಿ ಬೂಷ್ಟು ಬೆಳೆಸುವ ಕೆಲಸದಲ್ಲಿದ್ದೆ. ಹುಳುಗಳ ಮೈಹೊಕ್ಕು ಅವನ್ನು ಕೊಲ್ಲುವ ಬೂಷ್ಟು ಅದು. ಕಾರ್ಕಳದ ಮಿಲ್ಲಿನಿಂದ ಬರುತ್ತಿದ್ದ ನುಚ್ಚು, ತೌಡನ್ನು ನೆನೆಸಿ, ಚೀಲಕ್ಕೆ ತುಂಬಿ, ಬಾಯಿಗೆ ಹತ್ತಿ ತುರುಕಿ ಆವಿಯಲ್ಲಿ ಬೇಯಿಸಬೇಕು. ಆರಿದ ಮೇಲೆ ಒಂದು ಚಿಟಿಕೆ ಬೂಷ್ಟನ್ನು ಬಿತ್ತಿದರೆ ಮೊದಲು ಬಿಳಿ, ಆಮೇಲೆ ಕಡು ಹಸಿರು. ಮಳೆಗಾಲದಲ್ಲಿ ಮಾತ್ರ ಎಲ್ಲಿಂದಲೋ ಕರಿ ಬೂಷ್ಟು ನುಗ್ಗಿ ಚೀಲಕ್ಕೆ ಚೀಲವೇ ಹಾಳಾಗುತ್ತಿತ್ತು. ನಾವು ಸಾಕಿದ್ದಕ್ಕಿಂತ ಕರೆಯದೆ ಬಂದದ್ದೇ ಗಟ್ಟಿ. ಸಿಟ್ಟಿಗೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

"ಬೂಷ್ಟು ಬೆಳೆಸಲಿಕ್ಕೂ ಸಂಬಳ ಉಂಟಾ ಮಾರಾಯ್ತಿ?" ಎಂದು ಕಾಪುವಿನಲ್ಲಿದ್ದ ಅಕ್ಕ ನಗುತ್ತಿದ್ದಳು. ಭಾವ ಕಡಲಿಗೆ ಹೋದವರು ತಿರುಗಿ ಬಂದಿರಲಿಲ್ಲ. ಮದುವೆಯಾದ ವರ್ಷ ಅವರು ಬಾವಿಯ ಪಕ್ಕ ನೆಟ್ಟ ತೆಂಗಿನಮರ ಉಳಿದಿತ್ತು. ಅಕ್ಕ ಅದರ ಬುಡದಲ್ಲೇ ಕೂತು ಮೀನು ಶುಚಿ ಮಾಡುತ್ತಿದ್ದಳು. ಆ ಮರದ ಸುಳಿಯನ್ನು ಕುರುವಾಯಿ ದುಂಬಿ ಕೊರೆಯತೊಡಗಿದಾಗ ಅವಳ ನಗು ನಿಂತಿತು.

ಆ ದುಂಬಿಯ ಹುಳುಗಳು ಬೆಳೆಯುವುದು ಗೊಬ್ಬರಗುಂಡಿಯಲ್ಲಿ. ಚೆನ್ನಾಗಿ ಹಸಿರೇರಿದ ಚೀಲವೊಂದನ್ನು ಕೇಳಿ ಪಡೆದು, ಉಡುಪಿಯಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿಟ್ಟುಕೊಂಡು ಹೋಗಿ ಅಕ್ಕನ ಗುಂಡಿಗೆ ಬೆರೆಸಿದೆ. ತೇವ ಆರದ ಹಾಗೆ ನೋಡಿಕೋ ಎಂದು ಹೇಳಿ ಬಂದೆ.

ಮತ್ತೆ ಹೋದಾಗ ಗುಂಡಿಯ ಮೇಲೆ ಸುಡುಮಣ್ಣು ಹರಡಿತ್ತು. ತರಗೆಲೆಯ ರಾಶಿಗೆ ಮಣ್ಣು ಮುಚ್ಚಿ ನಿಧಾನವಾಗಿ ಸುಟ್ಟು ಮಾಡುವ ಗೊಬ್ಬರ. ನಮ್ಮ ಕಡೆ ಬಸಳೆಯ ಬುಡದಿಂದ ಹಿಡಿದು ಎಲ್ಲಕ್ಕೂ ಅದೇ.

"ತೇವ ಆರಬಾರದು ಅಂದೆಯಲ್ಲ, ಬಿಸಿ ಇರುವಾಗಲೇ ಮುಚ್ಚಿದೆ. ಮದ್ದಿಗೂ ಬಲ ಬರ್ತದೆ, ಅಲ್ವಾ?" ಎಂದಳು ಅಕ್ಕ.

ಕೆದಕಿ ನೋಡಿದೆ. ನುಚ್ಚು ಸುಟ್ಟು ಕಂದಾಗಿತ್ತು, ಹಸಿರಿನ ಸುಳಿವೇ ಇರಲಿಲ್ಲ. ಅದರ ಕೆಳಗೆ, ಬಿಸಿ ತಾಗದ ಆಳದಲ್ಲಿ, ಹುಳುಗಳು ಬೆಳ್ಳಗೆ, ದಪ್ಪಗೆ, ಆರಾಮಾಗಿ ಸುರುಳಿ ಸುತ್ತಿ ಮಲಗಿದ್ದವು. ನನಗೆ ಅಳು ಬಂತು. "ಹೌದಕ್ಕ, ಬರ್ತದೆ" ಎಂದೆ. ಇನ್ನೊಂದು ಚೀಲ ತರೋಣವೆಂದರೆ ಅಷ್ಟರಲ್ಲಿ ಮಳೆ ಹಿಡಿದು ನಮ್ಮ ಚೀಲಗಳೆಲ್ಲ ಕಪ್ಪಾಗಿದ್ದವು.

ಸುಳಿ ಕೊಳೆತು ಬಿತ್ತು. ಮಳೆ ಬಿಟ್ಟ ಮೇಲೆ ಅಕ್ಕ ಮರ ಕಡಿಸಿದಳು. ತೆಂಗು ಕಡಿದ ದಿನ ಸುಳಿಯೊಳಗಿನ ಬಿಳಿ ತಿರುಳನ್ನು ಹಂಚಿ ತಿನ್ನುವುದು ರೂಢಿ. ಅವಳು ಕತ್ತಿ ಹಿಡಿದು ಹೆರೆಯುತ್ತಲೇ ಹೋದಳು. ಎಲ್ಲ ಕೊಳೆತ ನಾರು, ತೂತು. ಕೊನೆಗೆ ಬೆರಳುದ್ದದ ಬಿಳಿ ತುಂಡೊಂದು ಸಿಕ್ಕಿತು. ಅದನ್ನು ನನ್ನ ಕೈಗಿಟ್ಟು, "ನಿನ್ನ ಮದ್ದು ಒಳ್ಳೆಯದೇ. ನಾನೇ ನಿನಗೆ ತಡವಾಗಿ ಹೇಳಿದ್ದು," ಎಂದಳು.

ಅದು ಸಿಹಿಯಾಗಿತ್ತು. ಅವಳು ನೋಡುತ್ತಿದ್ದಳೆಂದು ಪೂರ್ತಿ ತಿಂದೆ. ಸುಡುಮಣ್ಣಿನ ವಿಷಯ ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.